ಯುದ್ಧ ಮುಗಿದು ಆರು ತಿಂಗಳವರೆಗೆ

ದಿಬ್ಬೂರಹಳ್ಳಿ
5 ಅಕ್ಟೋಬರ್ 2024

ಗೆಳೆಯ ರಾಮಾಂಜಿನಪ್ಪನಿಗೆ ಕೋನಪ್ಪ ಮಾಡುವ ನಮಸ್ಕಾರ.

ಮೂರು ವರ್ಷದ ಮೇಲೆ ನನ್ನ ಅಕ್ಷರ ನೋಡಿ, ಇವನಿನ್ನೂ ಇದ್ದಾನೆಯೇ ಎಂದು ಕನ್ನಡಕ ಹುಡುಕುತ್ತಿರಬಹುದು. ಇದ್ದೇನೆ. ಫೋನು ಮಾಡೋಣವೆಂದರೆ ನನ್ನ ಎರಡು ಕಿವಿಗಳೂ ನಿವೃತ್ತಿ ತೆಗೆದುಕೊಂಡಿವೆ. ಮೂವತ್ತೆಂಟು ವರ್ಷ ಊರವರ ಕಾಗದ ಹಂಚಿದ ಪೋಸ್ಟ್‌ಮ್ಯಾನ್ ನಾನು, ಈಗ ನನ್ನದನ್ನು ಬೇರೆಯವರು ಹಂಚಲಿ.

ಮೊನ್ನೆ ಮಹಾಲಯ ಅಮಾವಾಸ್ಯೆಗೆ ಎಂದಿನಂತೆ ಗುಡ್ಡದ ಹೊಲಕ್ಕೆ ಹೋಗಿದ್ದೆವು. ಹೋದೆವು ಅನ್ನುವುದಕ್ಕಿಂತ ಬಿಟ್ಟರು ಅನ್ನಬೇಕು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು, ಇಬ್ಬರಿಗೆ ಮಾತ್ರ, ಒಲೆ ಹೂಡುವಂತಿಲ್ಲ. ನಿನಗೆ ಗೊತ್ತಿರುವ ವಿಷಯವೇ. ಒಂದು ದಿನದ ಅನುಮತಿಗೆ ಅರ್ಜಿ ಬರೆಯುವುದನ್ನು ನಮಗೆ ಮೊದಲು ಹೇಳಿಕೊಟ್ಟವನು ನೀನು. ನನ್ನ ತಾತನಿಗೆ ಊರ ತೋಟಿ ಕೆಲಸಕ್ಕೆಂದು ಬಂದ ಎರಡೂಕಾಲು ಎಕರೆ ಅದು. ಎಪ್ಪತ್ತೊಂದರ ಯುದ್ಧದಲ್ಲಿ ವೈರ್‌ಲೆಸ್ ಕಂಬ ನಿಲ್ಲಿಸಲು ತೆಗೆದುಕೊಂಡರು. ಕಂಬ ಬಿದ್ದೇ ನಲವತ್ತು ವರ್ಷವಾಯಿತು. ಈಗ ಒಳಗೆ ಒಂದು ತಗಡಿನ ಶೆಡ್ಡು, ಅದರ ತುಂಬ ಕಾಲು ಮುರಿದ ಸರ್ಕಾರಿ ಕುರ್ಚಿ, ಚಕ್ರವಿಲ್ಲದ ಒಂದು ಜೀಪು, ಮತ್ತೆ ಕಾವಲಿನ ಗಂಗುಲಪ್ಪನ ಆರು ಮೇಕೆ. ಬೋರ್ಡಿನಲ್ಲಿ ಮಾತ್ರ 'ರಕ್ಷಿತ ಪ್ರದೇಶ, ಪ್ರವೇಶ ನಿಷಿದ್ಧ'. ಮೇಕೆಗಳಿಗೆ ವರ್ಷಪೂರ್ತಿ ಅನುಮತಿ ಇದೆ, ನಮಗೆ ಒಂದು ದಿನ.

ಹೊಂಗೆ ಮರದ ಕೆಳಗೆ ತಾತ, ಅಜ್ಜಿ, ಅವರ ಪಕ್ಕದಲ್ಲಿ ನಮ್ಮ ಮೊದಲನೇ ಮಗು. ಅಜ್ಜಿಯ ಹೆಸರನ್ನೇ ಇಟ್ಟಿದ್ದೆವು, ಆಂಜಿನಮ್ಮ. ಒಂದೂವರೆ ವರ್ಷದ ಕೂಸಿಗೆ ಅಷ್ಟು ದೊಡ್ಡ ಹೆಸರು. ಅವಳನ್ನು ಮಣ್ಣು ಮಾಡಿದ ಮೂರನೇ ತಿಂಗಳಿಗೆ ಹೊಲ ಹೋಯಿತು.

ಅನಸೂಯಳಿಗೆ ಎರಡು ಕಿಡ್ನಿಯೂ ಕೈಕೊಟ್ಟಿವೆ. ವಾರಕ್ಕೆರಡು ಸಲ ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತೇನೆ. ಡಾಕ್ಟರು ಮಗನ ಹತ್ತಿರ ಒಂದು ವರ್ಷ ಎಂದಿದ್ದಾರಂತೆ. ನಮ್ಮಿಬ್ಬರಿಗೆ ಅವನು ಹೇಳಿಲ್ಲ, ನಮಗೆ ಗೊತ್ತಿದೆ ಎಂದು ನಾವು ಅವನಿಗೆ ಹೇಳಿಲ್ಲ. ಅಮಾವಾಸ್ಯೆಯ ದಿನ ಕಡಲೆಪುರಿ ಬೆಲ್ಲ ಇಟ್ಟು ಹಾಗೇ ಕೂತುಬಿಟ್ಟಳು. ಐದು ಗಂಟೆಗೆ ಗಂಗುಲಪ್ಪ ಬಂದು "ಟೈಮಾಯ್ತು ಕಣಮ್ಮ" ಅಂದ. ಏಳಲಿಲ್ಲ. ಕೈ ಹಿಡಿದು ಎಬ್ಬಿಸಲು ಹೋದರೆ, "ನಾನು ಹೋದ್ರೆ ಇಲ್ಲೇ ಮಡಗಬೇಕು ನನ್ನ. ನನ್ನ ಮಗೀನ ಪಕ್ಕ. ಇದೊಂದು ಮಾಡ್ಕೊಡು, ಇನ್ನೇನೂ ಕೇಳಲ್ಲ" ಅಂದಳು. ಐವತ್ತೈದು ವರ್ಷದ ಸಂಸಾರದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು. ನನ್ನ ಅಪ್ಪ ಹೋದಾಗಲೇ ಒಳಗೆ ಬಿಡಲಿಲ್ಲ. ಅಪ್ಪನನ್ನು ಕೆರೆ ಪಕ್ಕದ ಮಸಣದಲ್ಲಿಟ್ಟು ಬಂದೆವು. ಈಗ ಇವಳಿಗೆ ಏನು ಹೇಳಲಿ?

ಹೊಲ ತೆಗೆದುಕೊಂಡ ಆದೇಶದಲ್ಲಿ 'ಯುದ್ಧ ಮುಗಿದು ಆರು ತಿಂಗಳವರೆಗೆ' ಎಂದಿತ್ತು. ಮರಕ್ಕೆ ಅಂಟಿಸಿದ್ದನ್ನು ಅಪ್ಪನಿಗೆ ಓದಿ ಹೇಳಿದವನು ನಾನೇ. "ಆರು ತಿಂಗಳು ತಾನೆ, ಒಂದು ಬೆಳೆ ಹೋಗ್ತದೆ, ದೇಶಕ್ಕೆ ಕೊಟ್ಟಂಗಾಯ್ತು" ಎಂದು ಅಪ್ಪ ಸಿಪಾಯಿಗಳಿಗೆ ಮಜ್ಜಿಗೆ ಹೊತ್ತುಕೊಂಡು ಹೋಗಿದ್ದ. ನೀನು ಗ್ರಾಮಲೆಕ್ಕಿಗನಾಗಿ ಸೇರಿ ಶಿರಸ್ತೇದಾರನಾಗಿ ಇಳಿದವನು. ಆ ಹೊಲವನ್ನು ವಾಪಸ್ ಪಡೆಯುವ ದಾರಿ ಇದ್ದರೆ ತಿಳಿಸು. ಅವಳಿರುವಾಗಲೇ ಆಗಬೇಕು.

ಇತಿ ನಿನ್ನ,
ಕೋನಪ್ಪ


ಚಿಂತಾಮಣಿ
16 ಅಕ್ಟೋಬರ್ 2024

ಪ್ರಿಯ ಕೋನಪ್ಪ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಅನಸೂಯಮ್ಮನ ವಿಷಯ ತಿಳಿದು ಊಟ ಸೇರಲಿಲ್ಲ. ನಾವಿಬ್ಬರೂ ಶಾಲೆಯಲ್ಲಿ ಒಂದೇ ಹಲಗೆ ಹಂಚಿಕೊಂಡವರು. ನೀನು ಮೂರು ವರ್ಷ ಏಕೆ ಬರೆಯಲಿಲ್ಲವೆಂದು ನನಗೆ ಗೊತ್ತಿದೆ. ನಮ್ಮ ಮುರಳಿಮೋಹನನ ಗೃಹಪ್ರವೇಶದಲ್ಲಿ ನಿನಗೆ ಎಲ್ಲರಿಂದ ದೂರ ಎಲೆ ಹಾಕಿದ ಜಾಗವನ್ನು ನಾನೂ ನೋಡಿದೆ. ನನ್ನ ಮಗನಿಗೆ ಅಲ್ಲೇ ಎರಡು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಅದನ್ನು ಇಷ್ಟಕ್ಕೇ ಬಿಡುತ್ತೇನೆ.

ಇನ್ನು ಹೊಲದ ವಿಷಯ. ನಿನಗೆ ಸಿಟ್ಟು ಬರಬೇಕಾದರೆ ಇದನ್ನು ಕೇಳು. ಯುದ್ಧ ನಡೆದದ್ದು ಹದಿಮೂರು ದಿನ. ಅದಕ್ಕೆಂದು ಹೇರಿದ ತುರ್ತುಪರಿಸ್ಥಿತಿ ಎಪ್ಪತ್ತೇಳರ ಮಾರ್ಚ್‌ವರೆಗೆ ಇತ್ತು. ಅದಕ್ಕೂ ಹಿಂದಿನ ಚೀನಾ ಯುದ್ಧ ಒಂದು ತಿಂಗಳು, ಅದರ ತುರ್ತುಪರಿಸ್ಥಿತಿ ಐದು ವರ್ಷದ ಮೇಲೆ. ಮದುವೆಗೆಂದು ಎರವಲು ತಂದ ಕೊಳದಪ್ಪಲೆಯನ್ನು ಮೊಮ್ಮಗನ ನಾಮಕರಣವಾದರೂ ಹಿಂದಿರುಗಿಸದ ನೆಂಟರು ಇರುತ್ತಾರಲ್ಲ, ಕೇಳಿದರೆ "ಇರ್ಲಿ ಬಿಡಿ, ಇನ್ನೊಂದು ಮದ್ವೆ ಬರುತ್ತಲ್ಲ" ಅನ್ನುತ್ತಾರೆ. ಸರ್ಕಾರವೂ ಅದೇ ಜಾತಿಯ ನೆಂಟ.

ಎಪ್ಪತ್ತೆಂಟರಲ್ಲಿ ನಾನು ನಿಮ್ಮ ಹೊಲದ ಕಡತ ನೋಡಲೆಂದೇ ಯುದ್ಧಕ್ಕೆಂದು ತೆಗೆದುಕೊಂಡ ಜಮೀನುಗಳನ್ನು ನೋಡಿಕೊಳ್ಳುವ 'ತಾತ್ಕಾಲಿಕ ಸ್ವತ್ತುಗಳ ಶಾಖೆ'ಗೆ ಹೋಗಿದ್ದೆ. ಅಲ್ಲಿ ಬಯ್ಯಪ್ಪ ಎಂಬ ಗುಮಾಸ್ತರಿದ್ದರು. ತಾತ್ಕಾಲಿಕ ಶಾಖೆಯಲ್ಲಿ ಸೇರಿ, ಅದೇ ಶಾಖೆಯಲ್ಲಿ ಬಡ್ತಿ ಪಡೆದು, ಹಾರ ಹಾಕಿಸಿಕೊಂಡು ಪಿಂಚಣಿಗೆ ಹೋದರು. ಶಾಖೆ ಮುಚ್ಚಿದರೆ ಅವರ ಕುರ್ಚಿ ಎಲ್ಲಿ ಹಾಕುವುದು? ಕುರ್ಚಿಗಾಗಿ ಶಾಖೆ, ಶಾಖೆಗಾಗಿ ನಿನ್ನ ಹೊಲ. ನನ್ನ ಸರ್ವಿಸಿನಲ್ಲಿ ಯುದ್ಧದ ಹೆಸರಲ್ಲಿ ಬಂದ ಅಧಿಕಾರವನ್ನು ಇಗೋ ಸಾಕಾಯಿತು ಎಂದು ಯಾರೂ ಕೆಳಗಿಟ್ಟದ್ದನ್ನು ನಾನು ನೋಡಲಿಲ್ಲ.

ಆದರೂ ಕೈಚೆಲ್ಲಬೇಡ. ಈ ಸಲ ಅನುಮತಿ ಕೇಳುವುದು ಬೇಡ, ವಾಪಸ್ ಕೊಡಿ ಎಂದು ಕೇಳು. ಕರಡು ಬರೆದು ಇದರ ಜೊತೆ ಇಟ್ಟಿದ್ದೇನೆ. ನಿನ್ನ ಕೈಯಲ್ಲೇ ನಕಲು ಮಾಡಿ ಸಲ್ಲಿಸು. ಎಷ್ಟೋ ದಿನದ ಮೇಲೆ ಒಂದು ಕೆಲಸ ಸಿಕ್ಕಿತು. ಇಲ್ಲಿ ಮಗನ ಟೊಮೆಟೊ ಮಂಡಿಯಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ.

ನಿನ್ನವನೇ ಆದ,
ರಾಮಾಂಜಿನಪ್ಪ


ದಿಬ್ಬೂರಹಳ್ಳಿ
20 ಡಿಸೆಂಬರ್ 2024

ಗೆಳೆಯ ರಾಮಾಂಜಿ,

ಅರ್ಜಿ ಕೊಟ್ಟು ಎರಡು ತಿಂಗಳಾದರೂ ಉಸಿರಿಲ್ಲ. ಅದಕ್ಕೇ ಸೋಮವಾರ ಅನಸೂಯಳನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ಬಿಟ್ಟು ನಿನ್ನ ಆ ಶಾಖೆಗೆ ಹೋದೆ. ಮಗ ಸಿದ್ಧಾರ್ಥನೂ ಜೊತೆಗಿದ್ದ. ಅವನೀಗ ಗೌರಿಬಿದನೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ, ತೊಂಡೇಬಾವಿಯಲ್ಲಿ ಮನೆ ಮಾಡಿದ್ದಾನೆ. ಅಲ್ಲಿ ಈಗಿನ ಗುಮಾಸ್ತ ಗಂಗರಾಜು ಎಂಬವನು. ಒಳ್ಳೆಯ ಹುಡುಗ, ನನಗೆ ಕೂರಲು ಕುರ್ಚಿ ಕೊಟ್ಟ. ನನಗೆ ಕೇಳಿಸದ್ದನ್ನೆಲ್ಲ ಸಿದ್ಧಾರ್ಥ ಚೀಟಿಯಲ್ಲಿ ಬರೆದು ತೋರಿಸುತ್ತಿದ್ದ. ಆ ಚೀಟಿ ನೋಡಿಯೇ ಬರೆಯುತ್ತಿದ್ದೇನೆ.

"ಯುದ್ಧ ಮುಗಿದು ಆರು ತಿಂಗಳು ಅಂತ ಇದೆ, ಸರಿ. ಯುದ್ಧ ಮುಗಿದಿದ್ದಕ್ಕೆ ದಾಖಲೆ ಎಲ್ಲಿ ಸಾರ್?" ಅಂದ ಗಂಗರಾಜು.

"ಎಪ್ಪತ್ತೊಂದರ ಯುದ್ಧ ಕಣಪ್ಪ! ಇಡೀ ದೇಶಕ್ಕೆ ಗೊತ್ತು" ಅಂದ ಸಿದ್ಧಾರ್ಥ.

"ದೇಶಕ್ಕೆ ಗೊತ್ತಿದ್ರೆ ಏನು ಸಾರ್, ಕಡತಕ್ಕೆ ಗೊತ್ತಿರ್ಬೇಕಲ್ಲ. ಶುರುವಾಯ್ತು ಅಂತ ಸುತ್ತೋಲೆ ಬಂದಿದೆ, ಮುಗೀತು ಅಂತ ನಮ್ಮ ಟಪಾಲಿಗೆ ಬಂದೇ ಇಲ್ಲ."

ನಾನು ತಡೆಯಲಾರದೆ, "ಮೂವತ್ತೆಂಟು ವರ್ಷ ಟಪಾಲು ಹಂಚಿದೀನಿ ಕಣಪ್ಪ, ನನ್ನ ಚೀಲದಲ್ಲೂ ಅದು ಬರಲಿಲ್ಲ" ಅಂದೆ. ಅವನು ನಕ್ಕ. ನಾನೂ ನಕ್ಕೆ. ಸಿದ್ಧಾರ್ಥ ನಗಲಿಲ್ಲ. ಬಸ್ಸಿನಲ್ಲಿ ಬರುವಾಗ, "ನೀವು ಹೋಗಿ ಹೋಗಿ ನಗ್ತಾ ನಿಲ್ಲೋದಕ್ಕೇ ಅವರು ಹೀಗೆ ಮಾಡೋದು. ನಮ್ಮ ಮನೆಯವರ ಗೋರಿಗೆ ಹೋಗೋಕೆ ಅನುಮತಿ ಕೇಳಿದ್ದೇ ತಪ್ಪಪ್ಪ. ನಾನಾಗಿದ್ರೆ ಸತ್ರೂ ಬರೀತಿರಲಿಲ್ಲ" ಎಂದು ಚೀಟಿಯಲ್ಲಿ ಬರೆದು ತೋರಿಸಿದ. ಬರೆಯುವಾಗ ಪೆನ್ನು ಕಾಗದವನ್ನು ಹರಿಯಿತು.

ಕೋರ್ಟಿಗೆ ಹೋಗೋಣ ಎನ್ನುತ್ತಾನೆ. ಶಿಡ್ಲಘಟ್ಟದ ವಕೀಲರೊಬ್ಬರನ್ನು ಕೇಳಿದೆವು. ಹತ್ತು ವರ್ಷ ಹಿಡಿಯುತ್ತದೆ ಎಂದರು. ಅನಸೂಯಳ ಹತ್ತಿರ ಹತ್ತು ತಿಂಗಳೂ ಇಲ್ಲ. ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿಲ್ಲ. ಆದರೂ ಮನೆಗೆ ಬಂದ ತಕ್ಷಣ ಕೇಳುವುದು ಒಂದೇ: "ಏನಂದ್ರು?"

ಇತಿ,
ಕೋನಪ್ಪ


ಚಿಂತಾಮಣಿ
18 ಫೆಬ್ರವರಿ 2025

ಪ್ರಿಯ ಕೋನಪ್ಪ,

ಈ ಕಾಗದವನ್ನು ಅನಸೂಯಮ್ಮನಿಗೂ ಓದಿ ಹೇಳು.

ಯುದ್ಧ ಮುಗಿದದ್ದಕ್ಕೆ ದಾಖಲೆ ತಾನೆ ಬೇಕಾದದ್ದು? ಬೆಂಗಳೂರಿಗೆ ಮೂರು ಸಲ ಹೋಗಿ, ಹಳೆಯ ಗೆಜೆಟ್ಟುಗಳ ಧೂಳು ಕುಡಿದು, ತುರ್ತುಪರಿಸ್ಥಿತಿ ಹಿಂತೆಗೆದುಕೊಂಡ ಎಪ್ಪತ್ತೇಳರ ಪ್ರಕಟಣೆಯ ನಕಲು ತಂದೆ. ಒಂದು ವಾರ ಕೆಮ್ಮಿದೆ, ಚಿಂತೆಯಿಲ್ಲ. ಹೋದ ಗುರುವಾರ ಅದನ್ನು ಹಿಡಿದುಕೊಂಡು ಆ ಶಾಖೆಯ ಅಧಿಕಾರಿಯನ್ನೇ ಕಂಡೆ. ಶೋಭಾರಾಣಿ ಎಂದು ಹೆಸರು, ಬಂದು ಆರು ತಿಂಗಳಾಗಿದೆ, ನನ್ನ ಮೊಮ್ಮಗಳ ವಯಸ್ಸು. ಪೂರ್ತಿ ಓದಿದರು. ನನ್ನ ಸರ್ವಿಸಿನಲ್ಲಿ ಕಾಗದವನ್ನು ಪೂರ್ತಿ ಓದಿದ ಅಧಿಕಾರಿಗಳನ್ನು ಒಂದು ಕೈಯಲ್ಲಿ ಎಣಿಸಬಹುದು.

"ಆರು ತಿಂಗಳು ಅಂತ ಬರೆದು ಐವತ್ಮೂರು ವರ್ಷ ಇಟ್ಕೊಂಡಿದೀವಿ. ನನಗೇ ನಾಚಿಕೆ ಆಗ್ತಿದೆ" ಎಂದರು. ಬಿಡುಗಡೆ ಮಾಡಬಹುದೆಂದು ಟಿಪ್ಪಣಿ ಬರೆದು ಮೇಲಕ್ಕೆ ಕಳಿಸುತ್ತಾರಂತೆ. ಮೇ ಮೊದಲ ವಾರದೊಳಗೆ ಆದೇಶ ಬರಬಹುದು. ಕೋನಪ್ಪ, ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂತು. ಮುದುಕ ಅಳುತ್ತಾನೆಂದು ಆ ಹುಡುಗಿ ನೀರು ತರಿಸಿಕೊಟ್ಟಳು.

ಅನಸೂಯಮ್ಮನಿಗೆ ಹೇಳು, ಗೇಟಿನ ಬೀಗವನ್ನು ಅವರ ಕೈಯಲ್ಲೇ ತೆಗೆಸೋಣ.

ನಿನ್ನ,
ರಾಮಾಂಜಿನಪ್ಪ


ದಿಬ್ಬೂರಹಳ್ಳಿ
22 ಮೇ 2025

ಗೆಳೆಯ ರಾಮಾಂಜಿ,

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮೇ ಮೊದಲ ವಾರ ಎಂದಿದ್ದೆ. ಮೊದಲ ವಾರ ಏನಾಯಿತೆಂದು ಇಡೀ ದೇಶಕ್ಕೆ ಗೊತ್ತು. ಆಸ್ಪತ್ರೆಯ ಟಿವಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ವಿಮಾನ, ಬೆಂಕಿ, ಕೂಗಾಟ. ಬೆಂಗಳೂರಿನಲ್ಲಿ ಸೈರನ್ ಕೂಗಿಸಿ ಜನರಿಗೆ ಅಭ್ಯಾಸ ಮಾಡಿಸಿದರಂತೆ. ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿದ್ದ ಅನಸೂಯ ಟಿವಿಯನ್ನೇ ನೋಡುತ್ತಿದ್ದಳು. ಗಡಿಯಲ್ಲಿ ಸತ್ತವರಿಗಾಗಿ ಅತ್ತಳು. ಆಮೇಲೆ ನನ್ನ ಕಡೆ ತಿರುಗಿ, "ಮತ್ತೆ ಯುದ್ಧ ಬಂತಾ?" ಅಂದಳು. ಅವಳ ತುಟಿ ನೋಡಿದರೆ ಸಾಕು, ನನಗೆ ಅರ್ಥವಾಗುತ್ತದೆ.

ಎಂಟನೇ ತಾರೀಖು ಗುಡ್ಡದ ಗೇಟಿಗೆ ಹೊಸ ಬೀಗ, ಬೋರ್ಡಿಗೆ ಹೊಸ ಬಣ್ಣ. ಗಂಗುಲಪ್ಪನ ಮೇಕೆಗಳನ್ನೂ ಹೊರಗೆ ಹಾಕಿದರು. ಮುರಿದ ಕುರ್ಚಿಗಳಿಗೆ ಇಬ್ಬರು ಹೊಸ ಕಾವಲುಗಾರರು. ನಾಲ್ಕು ದಿನಕ್ಕೆ ಎಲ್ಲ ನಿಂತಿತು, ದೇವರು ದೊಡ್ಡವನು. ಕಾವಲುಗಾರರಿಬ್ಬರೂ ಹೊರಟುಹೋದರು. ಬೀಗ ಹೋಗಲಿಲ್ಲ.

ಹದಿನೈದಕ್ಕೆ ಶಾಖೆಗೆ ಹೋದೆ. ಶೋಭಾರಾಣಿಯವರನ್ನು ಬೇರೆ ಕಡೆಗೆ ವರ್ಗ ಮಾಡಿದ್ದಾರೆ. ಅವರು ಬರೆದ ಟಿಪ್ಪಣಿ ಮೇಲಿಂದ ವಾಪಸ್ ಬಂದು ಗಂಗರಾಜುವಿನ ಮೇಜಿನ ಮೇಲಿತ್ತು. 'ಪ್ರಸ್ತುತ ಪರಿಸ್ಥಿತಿಯಲ್ಲಿ ಸೂಕ್ತವಲ್ಲ' ಎಂದು ಹಸಿರು ಶಾಯಿಯಲ್ಲಿ ಬರೆದಿದ್ದರು. "ಪರಿಸ್ಥಿತಿ ಸರಿಹೋಯ್ತಲ್ಲಪ್ಪ" ಎಂದರೆ, "ಸರಿಹೋಯ್ತು ಅಂತ ಇನ್ನೂ ಸುತ್ತೋಲೆ ಬಂದಿಲ್ಲ ಸಾರ್" ಎಂದು ಚೀಟಿಯಲ್ಲಿ ಬರೆದು ತೋರಿಸಿ ತಲೆ ಬಗ್ಗಿಸಿದ. ಈ ಸಲ ಇಬ್ಬರೂ ನಗಲಿಲ್ಲ.

ಅಲ್ಲೇ ಕೂತು ಇನ್ನೊಂದು ಅರ್ಜಿ ಬರೆದೆ. ಹೊಲ ಬೇಡ, ಬೇಕಾದಷ್ಟು ಕಾಲ ಇಟ್ಟುಕೊಳ್ಳಿ, ಹೊಂಗೆ ಮರದ ಕೆಳಗೆ ಆರಡಿ ಮೂರಡಿ ಜಾಗ ಬಿಡಿ, ನನ್ನ ಹೆಂಡತಿಗೆ. ಬದುಕಿರುವ ಹೆಂಡತಿಗೆ ಗುಂಡಿಯ ಅಳತೆ ಬರೆದ ಕೈ ಇದು ರಾಮಾಂಜಿ. ಮನೆಗೆ ಬಂದು ತೊಳೆದುಕೊಂಡೆ.

ಇತಿ,
ಕೋನಪ್ಪ


ದಿಬ್ಬೂರಹಳ್ಳಿ
4 ಜುಲೈ 2025

ರಾಮಾಂಜಿನಪ್ಪನವರಿಗೆ,

ಉತ್ತರ ಬಂದಿದೆ. ನಕಲು ಕೆಳಗೆ ಬರೆದಿದ್ದೇನೆ, ಓದಿ.

'ತಮ್ಮ ಎರಡೂ ಅರ್ಜಿಗಳನ್ನು ಪರಿಶೀಲಿಸಲಾಯಿತು. 1972ರಿಂದ 2024ರವರೆಗೆ ತಮ್ಮ ತಂದೆಯವರು ಹಾಗೂ ತಾವು ಪ್ರತಿ ವರ್ಷ ಸಲ್ಲಿಸಿರುವ ಒಟ್ಟು ಐವತ್ಮೂರು ಅರ್ಜಿಗಳು ಈ ಕಚೇರಿಯ ಪ್ರತ್ಯೇಕ ಕಡತದಲ್ಲಿ ಲಭ್ಯವಿದ್ದು, ಪ್ರತಿಯೊಂದರಲ್ಲಿಯೂ "ಸದರಿ ಜಮೀನು ಸರ್ಕಾರದ್ದಾಗಿದ್ದು, ಅದರ ಮೇಲೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವುದೇ ಹಕ್ಕು ಇರುವುದಿಲ್ಲ" ಎಂದು ಸ್ವಇಚ್ಛೆಯಿಂದ ಒಪ್ಪಿಕೊಂಡಿರುತ್ತೀರಿ. ಆದಕಾರಣ ಜಮೀನು ಹಿಂದಿರುಗಿಸುವ ಪ್ರಶ್ನೆ ಉದ್ಭವಿಸುವುದಿಲ್ಲ. ರಕ್ಷಿತ ಪ್ರದೇಶದಲ್ಲಿ ಶವಸಂಸ್ಕಾರಕ್ಕೆ ಅವಕಾಶವಿರುವುದಿಲ್ಲ. ಹಿಂದಿನ ಪದ್ಧತಿಯಂತೆ ವರ್ಷಕ್ಕೊಂದು ದಿನದ ಪ್ರವೇಶಕ್ಕೆ ಅರ್ಜಿ ಸಲ್ಲಿಸಿದಲ್ಲಿ ಪರಿಶೀಲಿಸಲಾಗುವುದು.'

ಕೋನಪ್ಪ


ಚಿಂತಾಮಣಿ
11 ಜುಲೈ 2025

ಕೋನಪ್ಪ,

ನನ್ನನ್ನು 'ರಾಮಾಂಜಿನಪ್ಪನವರಿಗೆ' ಎಂದು ಬರೆದಿದ್ದೀಯಲ್ಲ, ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಆ ಸಾಲು ನನ್ನದು. ನಾನೇ ಒಪ್ಪಿಕೊಳ್ಳುತ್ತೇನೆ. ಎಪ್ಪತ್ತೆರಡರ ಅಮಾವಾಸ್ಯೆಗೆ ನಿಮ್ಮ ಅಪ್ಪ ಎಡೆಯ ತಟ್ಟೆ ಹಿಡಿದು ತಂತಿಯ ಕೆಳಗೆ ನುಸುಳಲು ಹೋಗಿ ಬೆನ್ನ ಮೇಲೆ ಲಾಠಿ ಏಟು ತಿಂದರು. ನಾನು ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಅವರ ಬೆನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಅರ್ಜಿ ಬರೆದು ಸಾಹೇಬರ ಹತ್ತಿರ ತೆಗೆದುಕೊಂಡು ಹೋದೆ. 'ನಮ್ಮ ಜಮೀನಿಗೆ ಹೋಗಲು' ಎಂದಿದ್ದನ್ನು ನೋಡಿ ಅವರು ಅಲ್ಲೇ ಹರಿದರು. "ನಮ್ಮ ಅನ್ನೋದನ್ನ ತೆಗಿ, ಸರ್ಕಾರದ್ದು ಅಂತ ಬರಿ, ಬಿಡ್ತೀನಿ" ಎಂದರು. ಹಾಗಾಗಿ ಆ ಸಾಲು ಬರೆದೆ. ವಾರಸುದಾರರನ್ನೂ ನಾನೇ ಸೇರಿಸಿದೆ, ಸಾಹೇಬರಿಗೆ ಇನ್ನಷ್ಟು ಖುಷಿಯಾಗಲಿ ಎಂದು! ಒಂದು ಸಾಲು ತಾನೆ, ಕೆಲಸವಾದರೆ ಸಾಕು ಎಂದುಕೊಂಡೆ. ಅನುಮತಿ ಸಿಕ್ಕಿತು. ನಿಮ್ಮ ಅಪ್ಪ ಹೆಬ್ಬೆಟ್ಟು ಒತ್ತಿ ನನ್ನ ಕೈ ಹಿಡಿದುಕೊಂಡು ಅತ್ತರು. ನಾನು ಎಷ್ಟು ಬೀಗಿದೆ ಎಂದರೆ ಆ ವರ್ಷವೆಲ್ಲ ಅದನ್ನೇ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆಮೇಲೆ ನೀನು ಅದನ್ನೇ ನೋಡಿ ನೋಡಿ ನಕಲು ಮಾಡಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಆ ಪೂಜಾರಿಗೆ ಮಂತ್ರ ಬರೆದುಕೊಟ್ಟವನು ನಾನು.

ನಿಮ್ಮ ಹೊಲ ನಿಮ್ಮದಲ್ಲವೆಂದು ಅವರು ಒಂದು ಸಲವೂ ಬರೆಯಬೇಕಾಗಲಿಲ್ಲ. ಐವತ್ಮೂರು ಸಲವೂ ನಮ್ಮ ಕೈಯಲ್ಲೇ ಬರೆಸಿದರು.

ಈಗ ಕೇಳು. ಗುಡ್ಡದ ತಂತಿಬೇಲಿಗೆ ಅಂಟಿಕೊಂಡ ಮೂಡಲ ಕಡೆಯ ಜಮೀನು ನಮ್ಮದು. ಅಲ್ಲಿಂದ ಹೊಂಗೆ ಮರಕ್ಕೆ ಇಪ್ಪತ್ತು ಹೆಜ್ಜೆ. ಅನಸೂಯಮ್ಮನಿಗೆ ಅಲ್ಲಿ ಜಾಗ ಕೊಡುತ್ತೇನೆ. ಮಗುವಿನ ಪಕ್ಕ ಅಲ್ಲದಿದ್ದರೂ ಮಗು ಕಾಣುವಷ್ಟು ಹತ್ತಿರ. ಬೇಡ ಅನ್ನಬೇಡ.

ರಾಮಾಂಜಿ


ಚಿಂತಾಮಣಿ
20 ಆಗಸ್ಟ್ 2025

ಕೋನಪ್ಪ,

ನಿನ್ನಿಂದ ಉತ್ತರವಿಲ್ಲ. ಹಿಂದಿನ ಕಾಗದದಲ್ಲಿ ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳಬೇಕಾಗಿದೆ, ಆ ಕಾರಣಕ್ಕೆ ಬರೆಯುತ್ತಿದ್ದೇನೆ. ಮುರಳಿ ಒಪ್ಪಲಿಲ್ಲ. ಅವನ ಮಾತುಗಳನ್ನು ನಿನಗೆ ಬರೆಯಲಾರೆ. ಪಹಣಿ ಎರಡು ವರ್ಷದ ಹಿಂದೆಯೇ ಅವನ ಹೆಸರಿಗೆ ಮಾಡಿಕೊಟ್ಟಿದ್ದೆ. ನನ್ನ ಜಮೀನು ಎಂದೆ. "ಯಾರ ಜಮೀನು?" ಎಂದು ಕೇಳಿದ.

ಅನಸೂಯಮ್ಮ ಹೇಗಿದ್ದಾರೆ, ಅಷ್ಟಾದರೂ ಬರಿ.

ರಾಮಾಂಜಿ


ದಿಬ್ಬೂರಹಳ್ಳಿ
24 ಸೆಪ್ಟೆಂಬರ್ 2025

ಗೆಳೆಯ ರಾಮಾಂಜಿ,

ಅನಸೂಯ ಹೋದಳು. ಈ ತಿಂಗಳ ಎಂಟನೇ ತಾರೀಖು, ಸೋಮವಾರ ಮಧ್ಯಾಹ್ನ. ನಿನಗೆ ಹೇಳಿಕಳಿಸಲಿಲ್ಲ. ನೀನು ಬಂದರೆ ಮನೆಗೆ ಹಿಂದಿರುಗಿದಾಗ ಮಗನೊಡನೆ ಜಗಳವಾಗುತ್ತದೆಂದು ಸುಮ್ಮನಾದೆ.

ಕೊನೆಯ ಹತ್ತು ದಿನ ಆಸ್ಪತ್ರೆಗೆ ಬರುವುದಿಲ್ಲವೆಂದು ಹಟ ಹಿಡಿದಳು. ಕನ್ನಡ ಮರೆತು ತವರಿನ ತೆಲುಗಿಗೆ ಇಳಿದಳು. ಆ ದಿನ ಗಂಜಿ ಕುಡಿಸುತ್ತಿದ್ದೆ. ನನ್ನ ಮುಖ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, "ಯುದ್ಧಂ ಅಯಿಪೋಯಿಂದಾ?" ಅಂದಳು.

"ಮುಗೀತು ಕಣೇ" ಅಂದೆ.

"ಗೇಟು ತೀಸಾರಾ?"

"ತೆಗೆದವ್ರೆ" ಅಂದೆ.

ಅವಳ ಮುಖ ಹೇಗೆ ಅರಳಿತೆಂದರೆ, ಮದುವೆಯಾದ ಹೊಸತರಲ್ಲೂ ನಾನು ಅದನ್ನು ನೋಡಿರಲಿಲ್ಲ. ಒಂದು ಗಂಟೆಯ ಮೇಲೆ ಹೋದಳು. ನಾನು ಅವಳಿಗೆ ಸುಳ್ಳು ಹೇಳಿದವನಲ್ಲ ರಾಮಾಂಜಿ. ಹೇಳಿದ್ದು ಇದೊಂದೇ, ಅದನ್ನೂ ಸಾಯುವವಳಿಗೆ ಹೇಳಿದೆ. ನನಗೆ ಇದಕ್ಕೆ ಕ್ಷಮೆ ಇದೆಯೋ ಇಲ್ಲವೋ ತಿಳಿಯದು.

ಮಾರನೆಯ ದಿನ ಹೊತ್ತುಕೊಂಡು ಹೊರಟಾಗ ಸಿದ್ಧಾರ್ಥ ಚಟ್ಟವನ್ನು ಗುಡ್ಡದ ದಾರಿಗೆ ತಿರುಗಿಸಿದ. ಯಾರೂ ಬೇಡವೆನ್ನಲಿಲ್ಲ. ಗೇಟಿನ ಮುಂದೆ ಇಳಿಸಿದೆವು. ಗಂಗುಲಪ್ಪ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಗೊಳೋ ಎಂದು ಅಳುತ್ತಿದ್ದ. "ನನ್ನ ಕೆಲಸ ಹೋಗ್ತದೆ ಸಾರ್, ಹೋದ್ರೆ ಹೋಗ್ಲಿ, ನೀವು ಹೇಳಿ, ತೆಗೀತೀನಿ" ಅಂದ. ಸಿದ್ಧಾರ್ಥ ಕಲ್ಲು ಎತ್ತಿಕೊಂಡಿದ್ದ. ಎಲ್ಲರೂ ನನ್ನ ಮುಖ ನೋಡಿದರು.

ಬೇಡ ಅಂದೆ. ಅಂದವನು ನಾನೇ.

ಒಡೆದು ಒಳಗೆ ಹೋದರೆ ಪೊಲೀಸರು ಬಂದು ಅವಳನ್ನು ಅಗೆದು ಹೊರಗೆ ಹಾಕುತ್ತಾರೆ. ಅಷ್ಟೇ ಅಲ್ಲ, ಬರುವ ವರ್ಷದಿಂದ ಆ ಒಂದು ದಿನವೂ ಹೋಗುತ್ತದೆ. ಮಗುವಿನ ಹತ್ತಿರ ಕಡಲೆಪುರಿ ಇಡಲು ಯಾರೂ ಇರುವುದಿಲ್ಲ. ಸಿದ್ಧಾರ್ಥ ಕಲ್ಲು ಬಿಸಾಡಿ ಅಮ್ಮನ ಪಾದದ ಹತ್ತಿರ ಕೂತುಬಿಟ್ಟ. ಸ್ವಲ್ಪ ಹೊತ್ತು ಹಾಗೇ ಬಿಟ್ಟು ಮತ್ತೆ ಹೊತ್ತೆವು. ಕೆರೆ ಪಕ್ಕದಲ್ಲಿ ಅಪ್ಪನಿಗಿಂತ ನಾಲ್ಕು ಗೋರಿ ಈಚೆಗೆ ಜಾಗ ಸಿಕ್ಕಿತು.

ಇಪ್ಪತ್ತೊಂದಕ್ಕೆ ಅಮಾವಾಸ್ಯೆ. ಅರ್ಜಿ ಬರೆದೆ. ಕೈ ನಡುಗಿ ಅಕ್ಷರ ಸೊಟ್ಟಗಾದವು. ಗಂಗರಾಜು ಅದನ್ನು ಹಳೆಯ ಐವತ್ಮೂರರ ಜೊತೆ ಇಟ್ಟು ನೋಡಿ, ಸಹಿ ಹೊಂದುವುದಿಲ್ಲ, ಈ ಸಲಕ್ಕೆ ಬಿಡುತ್ತೇನೆ, ಬರುವ ವರ್ಷದಿಂದ ಮಗನ ಕೈಯಲ್ಲಿ ಕೊಡಿಸಿ ಎಂದ. ಒಬ್ಬರಿಗೆ ಅನುಮತಿ ಬಂತು. ಒಬ್ಬನೇ ಹೋಗಿ ಕೂತು ಐದಕ್ಕೆ ಎದ್ದು ಬಂದೆ.

ನಿನ್ನೆ ಸಿದ್ಧಾರ್ಥ ತೊಂಡೇಬಾವಿಗೆ ಹೊರಟು ನಿಂತವನು ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದ. ಚೀಟಿ ತೆಗೆದು ಬರೆದ: "ಆ ಅರ್ಜಿ ಹೇಗೆ ಬರೆಯೋದು ಅಪ್ಪ?" ನಾನು ಅವನ ಮುಖ ನೋಡಲಿಲ್ಲ. ಅವನೂ ನನ್ನ ಮುಖ ನೋಡಲಿಲ್ಲ.

ನಿನ್ನ ಮೇಲೆ ನನಗೆ ಸಿಟ್ಟಿತ್ತು, ಈಗಿಲ್ಲ. ನೀನು ಕಲಿಸಿದೆ, ನಾನು ಓದು ಬರಹ ಬಲ್ಲವನಾಗಿಯೂ ವರ್ಷವರ್ಷವೂ ಬರೆದೆ. ಇಬ್ಬರ ಪಾಲೂ ಅದರಲ್ಲಿದೆ. ಈಗ ನಿನ್ನಿಂದ ಒಂದು ಉಪಕಾರವಾಗಬೇಕು. ಸಿದ್ಧಾರ್ಥ ಇಂಗ್ಲಿಷಿನಲ್ಲಿ ಓದಿದವನು, ಕಚೇರಿಯ ಕನ್ನಡ ಅವನಿಗೆ ಬರುವುದಿಲ್ಲ. ನನ್ನ ಕೈ ನಿಲ್ಲುತ್ತಿಲ್ಲ. ಬರುವ ಭಾನುವಾರ ಅವನನ್ನು ಚಿಂತಾಮಣಿಗೆ ಕಳಿಸುತ್ತೇನೆ, ಬಸ್ ಸ್ಟ್ಯಾಂಡಿನ ಹತ್ತಿರ ಎಲ್ಲಾದರೂ ಕೂತು ಅವನ ಕೈಯಲ್ಲಿ ಬರುವ ವರ್ಷದ ಅರ್ಜಿ ಬರೆಸು. ಹಕ್ಕಿಲ್ಲ ಎನ್ನುವ ಸಾಲು ಬಂದಾಗ ಅವನು ಪೆನ್ನು ಕೆಳಗಿಡುತ್ತಾನೆ. ಅದನ್ನೂ ಬರೆಸು. ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ.

ನಿನ್ನ,
ಕೋನಪ್ಪ